ಹಣ್ಣು ಕಿತ್ತ ಕೈ

ಇನ್ನಾಸಪ್ಪ ಹೊಳೆದಂಡೆಯ ಕ್ರೈಸ್ತ ಆಶ್ರಮಕ್ಕೆ ಬಂದಾಗ ಬೆಳಗಿನ ಪೂಜೆ ಮುಗಿದಿತ್ತು. ಚೌರಪ್ಪ ಸ್ವಾಮಿಗಳು ಜಗುಲಿಯ ಮೇಲೆ ಕೂತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

ಸ್ವಾಮಿಗಳಿಗೆ ಎಪ್ಪತ್ತೆಂಟು. ಇನ್ನಾಸಪ್ಪ ಅವರ ಹತ್ತಿರ ಮೂರು ವರ್ಷ ಕಲಿತು, ತನ್ನ ಊರಿನ ಪುಟ್ಟ ಚರ್ಚಿಗೆ ಉಪದೇಶಿಯಾಗಿ ಹೋದವನು. ಪಾದ್ರಿಗಳು ತಿಂಗಳಿಗೊಮ್ಮೆ ಬರುವ ಊರು ಅದು. ಉಳಿದ ದಿನ ಮಕ್ಕಳಿಗೆ ಜಪ ಕಲಿಸುವುದು, ಕಾಯಿಲೆಯವರನ್ನು ನೋಡುವುದು, ಸತ್ತವರನ್ನು ಮಣ್ಣು ಮಾಡುವುದು ಎಲ್ಲ ಅವನ ಪಾಲಿಗೆ.

"ಬಾ" ಅಂದರು ಸ್ವಾಮಿಗಳು. "ಮುಖ ಯಾಕೆ ಹೀಗಾಗಿದೆ?"

ಇನ್ನಾಸಪ್ಪ ಜಗುಲಿಯಂಚಿಗೆ ಕೂತ. ಚೀಲದಿಂದ ಪ್ರಾರ್ಥನೆಯ ಪುಸ್ತಕ ಮತ್ತು ಮರದ ಶಿಲುಬೆ ತೆಗೆದು ಅವರ ಮುಂದಿಟ್ಟ.

"ಇವನ್ನ ನೀವೇ ಕೊಟ್ಟಿದ್ರಿ. ವಾಪಸ್ ತಗೊಳ್ಳಿ ಸ್ವಾಮಿ. ನನ್ನ ಕೈಲಿ ಇನ್ನಾಗಲ್ಲ."

"ಎಷ್ಟು ವರ್ಷ ಆಯ್ತು?"

"ಹದಿನಾರು."

"ಈ ಮಳೆಗಾಲದಲ್ಲಿ ಎಷ್ಟು ಜನ ಹೋದರು?"

"ಹನ್ನೊಂದು. ಹನ್ನೊಂದು ಗುಂಡಿ ಪಕ್ಕ ನಿಂತು ಅದೇ ಮಾತು ಹೇಳಿದೆ. ಮನುಷ್ಯ ಪಾಪ ಮಾಡಿದ, ಅದಕ್ಕೇ ಸಾವು ಬಂತು ಅಂತ. ಹೇಳಿ ಹೇಳಿ ನಾಲಿಗೆ ಸವೆದುಹೋಗಿದೆ."

"ನಾಲಿಗೆ ಸವೆದದ್ದಕ್ಕೆ ಯಾರೂ ನಾಲ್ಕು ಮೈಲಿ ನಡೆದು ಬರಲ್ಲ. ಹನ್ನೊಂದನೆಯದು ಯಾರು?"

ಇನ್ನಾಸಪ್ಪ ಹೊಳೆಯ ಕಡೆ ತಿರುಗಿದ.

"ಮರಿದಾಸನ ಮಗಳು. ಫಿಲೋಮಿ. ಏಳು ವರ್ಷ. ಜ್ವರ."

ಸ್ವಾಮಿಗಳು ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿದರು.

"ಮಣ್ಣು ಹಾಕುವಾಗ ಅವಳ ತಾಯಿ ಲೂರ್ದಮ್ಮ ನನ್ನ ತೋಳು ಹಿಡಿದುಕೊಂಡಳು" ಅಂದ ಇನ್ನಾಸಪ್ಪ. "'ಉಪದೇಶಿಗಳೇ, ಆದಾಮ ಹಣ್ಣು ತಿಂದ, ಸತ್ತ. ನನ್ನ ಮಗಳು ಯಾವ ಹಣ್ಣು ತಿಂದಿದ್ಲು?' ಅಂದಳು."

"ನೀನು ಏನು ಹೇಳಿದೆ?"

"ಸುಸ್ತಾಗಿತ್ತು ಸ್ವಾಮಿ. ಅವತ್ತು ಅದು ಎರಡನೆಯ ಸಾವು. 'ತಂದೆತಾಯಿ ಪಾಪ ಮಕ್ಕಳಿಗೆ ಬರುತ್ತಮ್ಮ, ಮೊದಲಿನಿಂದ ಹಾಗೇ' ಅಂದುಬಿಟ್ಟೆ."

"ಆಮೇಲೆ?"

"ಆಮೇಲೆ ಅವಳು ಏನೂ ಕೇಳಲಿಲ್ಲ. ಮನೆಗೆ ಹೋಗಿ ಮೂಲೇಲಿ ಕೂತಳು. ಇವತ್ತಿಗೆ ನಾಲ್ಕು ದಿನ. ಮನೇಲಿ ಇನ್ನೊಂದು ಕೂಸಿದೆ, ಐದು ತಿಂಗಳದ್ದು. ಅದನ್ನ ಮುಟ್ಟುತ್ತಾ ಇಲ್ಲ, ಹಾಲು ಕೊಡುತ್ತಾ ಇಲ್ಲ. 'ನನ್ನಲ್ಲಿ ಸಾವಿದೆ, ಇದಕ್ಕೂ ತಗಲುತ್ತೆ' ಅಂತಾಳೆ. ಅತ್ತೆ ಒಳಲೆಯಲ್ಲಿ ಹಸುವಿನ ಹಾಲು ಹಾಕಿದರೆ ಕೂಸು ಉಗಿಯುತ್ತೆ. ನಿನ್ನೆಯಿಂದ ಅಳೋ ಶಕ್ತಿನೂ ಕಡಿಮೆಯಾಗಿದೆ. ಹನ್ನೆರಡನೆಯ ಗುಂಡಿ ನಾನೇ ತೋಡಿದ ಹಾಗಾಯ್ತು."

ಸ್ವಾಮಿಗಳು ಕಣ್ಣು ಮುಚ್ಚಿಕೊಂಡರು.

"ಆ ತೋಟದ ಕಥೆ ಹೇಳು" ಅಂದರು.

"ನಿಮಗೆ ಗೊತ್ತಿಲ್ಲದ್ದೇ ಸ್ವಾಮಿ?"

"ಹೇಳು."

ಇನ್ನಾಸಪ್ಪ ಒಂದೇ ಉಸಿರಿಗೆ ಹೇಳಿದ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ ಉಸಿರು ಊದಿದ. ತೋಟದಲ್ಲಿಟ್ಟ. ಒಂದು ಮರದ ಹಣ್ಣು ಮಾತ್ರ ಬೇಡ, ತಿಂದರೆ ಸಾಯುತ್ತೀರಿ ಅಂದ. ಹಾವು ಆಸೆ ಹುಟ್ಟಿಸಿತು. ಹವ್ವ ಕಿತ್ತು ತಿಂದಳು, ಗಂಡ ಆದಾಮನಿಗೂ ಕೊಟ್ಟಳು. ದೇವರು ಶಿಕ್ಷೆ ಹೇಳಿದ, ಮಣ್ಣಿಗೇ ಸೇರುತ್ತೀರಿ ಅಂದ, ತೋಟದಿಂದ ಹೊರಗೆ ಕಳಿಸಿ ಬಾಗಿಲಿಗೆ ಬೆಂಕಿಯ ಕತ್ತಿಯ ಕಾವಲು ಹಾಕಿದ.

"ತಿಂದ ದಿನವೇ ಸತ್ತರಾ?"

"ಇಲ್ಲ. ಆದಾಮ ಒಂಬೈನೂರು ಚಿಲ್ಲರೆ ವರ್ಷ ಬದುಕಿದ."

"ಶಿಕ್ಷೆ ಹೇಳಿದ್ದಕ್ಕೂ ಹೊರಗೆ ಕಳಿಸಿದ್ದಕ್ಕೂ ನಡುವೆ ಏನಾಯ್ತು?"

ಇನ್ನಾಸಪ್ಪ ಯೋಚಿಸಿದ.

"ನೆನಪಿಲ್ಲ ಸ್ವಾಮಿ."

"ಅದನ್ನೇ ನೀನು ಬಿಟ್ಟಿದ್ದು" ಅಂದರು ಸ್ವಾಮಿಗಳು. ಗೋಡೆ ಹಿಡಿದು ಎದ್ದರು. "ಕೋಲು ಕೊಡು. ಪುಸ್ತಕ ಎತ್ತಿಕೋ, ಜಗುಲಿ ಮೇಲೆ ಕೋಳಿ ಓಡಾಡ್ತವೆ."

"ನೀವು ಅಷ್ಟು ದೂರ ನಡೀತೀರಾ? ಮಂಡಿ..."

"ಮಂಡಿ ಮನೇಲಿದ್ದರೂ ನೋಯುತ್ತೆ."

ದಾರಿಯಲ್ಲಿ ಮೂರು ಕಡೆ ಕೂತರು. ಮೂರನೆಯ ಸಲ ಒಂದು ಹೊಂಗೆ ಮರದ ಕೆಳಗೆ. ಸ್ವಾಮಿಗಳ ಉಸಿರು ಸದ್ದು ಮಾಡುತ್ತಿತ್ತು.

"ನಾನು ನಿನ್ನಷ್ಟು ವಯಸ್ಸಿನವನಾಗಿದ್ದಾಗ ಒಬ್ಬಳಿಗೆ ಇದೇ ಮಾತು ಹೇಳಿದೆ" ಅಂದರು. "ಥೆರೇಸಮ್ಮ ಅಂತ. ಅವಳ ಗಂಡ ಹೋಗಿದ್ದ. ಪಾಪದ ಸಂಬಳ ಸಾವು ಅಂತ ಗಟ್ಟಿಯಾಗಿ ಉಪದೇಶ ಮಾಡಿದೆ. ಚೆನ್ನಾಗಿ ಮಾತಾಡಿದೆ ಅಂದುಕೊಂಡೆ."

"ಏನಾಯ್ತು?"

"ಏನೂ ಆಗಲಿಲ್ಲ. ಆಮೇಲೆ ಮೂವತ್ತು ವರ್ಷ ಬದುಕಿದಳು. ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ."

ಇನ್ನಾಸಪ್ಪ ತಲೆ ತಗ್ಗಿಸಿದ.

"ಹಾಗಾದರೆ ಆ ಮಾತು ಸುಳ್ಳೇ ಸ್ವಾಮಿ?"

"ಸುಳ್ಳಲ್ಲ. ಅರ್ಧ. ಅರ್ಧ ಮಾತು ಎಸೆದ ಕಲ್ಲಿನ ಹಾಗೆ, ಯಾರಿಗೋ ಒಬ್ಬರಿಗೆ ತಗಲುತ್ತೆ."

"ಉಳಿದ ಅರ್ಧ?"

"ಶಿಕ್ಷೆ ಹೇಳಿದ ಮೇಲೆ ದೇವರು ಕೂತು ಅವರಿಬ್ಬರಿಗೂ ಬಟ್ಟೆ ಮಾಡಿದ. ಚರ್ಮದ ಬಟ್ಟೆ. ತಾನೇ ತೊಡಿಸಿದ. ಆಮೇಲೆ ಹೊರಗೆ ಕಳಿಸಿದ."

"ಯಾಕೆ?"

"ಹೊರಗೆ ಚಳಿ ಇರುತ್ತೆ. ನಡಿ, ಕೂಸು ಕಾಯಲ್ಲ."

ಮರಿದಾಸನ ಮನೆ ಊರಿನ ಕೊನೆಯಲ್ಲಿತ್ತು. ರೇಷ್ಮೆ ಹುಳ ಸಾಕುವ ಮನೆ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಹೊರಗೆ ಗೋಡೆಗೆ ಒರಗಿಸಿದ್ದರು. ಗೂಡು ಬಿಡಿಸಿರಲಿಲ್ಲ. ಬಿಡಿಸುವ ದಿನ ದಾಟಿತ್ತು.

ಒಳಗೆ ಅಜ್ಜಿ ತೊಡೆಯ ಮೇಲೆ ಕೂಸು ಹಾಕಿಕೊಂಡು ಒಳಲೆ ಹಿಡಿದಿದ್ದಳು. ಹಾಲು ಕೂಸಿನ ಕತ್ತಿನ ಮೇಲೆ ಹರಿದಿತ್ತು. ಲೂರ್ದಮ್ಮ ಎದುರಿನ ಮೂಲೆಯಲ್ಲಿ ಗೋಡೆಗೆ ತಲೆ ಕೊಟ್ಟು ಕೂತಿದ್ದಳು. ಸೀರೆಯ ಎದೆಭಾಗ ಹಾಲಿನಿಂದ ಒದ್ದೆಯಾಗಿತ್ತು.

ಮರಿದಾಸ ಗಡಬಡಿಸಿ ಚಾಪೆ ಹಾಸಿದ. ಸ್ವಾಮಿಗಳು ಕೂತರು.

"ಕುಡಿಯೋಕೆ ನೀರು ಬೇಕು" ಅಂದರು.

ಮರಿದಾಸ ಎದ್ದ.

"ನೀನು ಬೇಡಪ್ಪ. ನಿನ್ನ ಹೆಂಡತಿ ಕೊಡಲಿ."

ಲೂರ್ದಮ್ಮ ತಲೆ ಎತ್ತಲಿಲ್ಲ. "ನನ್ನ ಕೈಯಿಂದ ಬೇಡಿ ಸ್ವಾಮಿ. ಒಳ್ಳೇದಲ್ಲ."

"ನನಗೆ ಎಪ್ಪತ್ತೆಂಟು ವರ್ಷ ತಾಯಿ. ನಿನ್ನ ಕೈಯಿಂದ ನನಗೆ ಹೊಸದಾಗಿ ಏನು ಬರಬೇಕು? ಬಾಯಾರಿದೆ. ನಾಲ್ಕು ಮೈಲಿ ನಡೆದಿದ್ದೀನಿ."

ಬಹಳ ಹೊತ್ತಾದ ಮೇಲೆ ಅವಳು ಎದ್ದಳು. ಗೋಡೆ ಹಿಡಿದು ಹೋಗಿ ಮಡಕೆಯಿಂದ ಒಂದು ಚೊಂಬು ನೀರು ತಂದು ನೆಲದ ಮೇಲಿಟ್ಟಳು.

"ಕೈಗೆ ಕೊಡು."

ಕೊಟ್ಟಳು. ಸ್ವಾಮಿಗಳು ಒಂದು ಹನಿ ಬಿಡದೆ ಕುಡಿದರು.

"ಈಗ ಹೇಳು. ಏನಾಯ್ತು?"

"ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದಿತ್ತು ಸ್ವಾಮಿ" ಅಂದಳು ಲೂರ್ದಮ್ಮ. ದನಿ ಒಣಗಿತ್ತು. "ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕಿತ್ತು. ಬಿಡದಿದ್ರೆ ಇಡೀ ಬೆಳೆ ಹೋಗುತ್ತೆ. ಅವಳಿಗೆ ಜ್ವರ ಇತ್ತು. ಕಷಾಯ ಕೊಟ್ಟು ಮಲಗಿಸಿದೆ. 'ಅವ್ವ, ಪಕ್ಕದಲ್ಲಿ ಕೂತ್ಕೋ' ಅಂದಳು. 'ಸುಮ್ನೆ ಮಲಕ್ಕೋ, ಕೆಲಸ ಐತೆ' ಅಂತ ಗದರಿದೆ. ಎರಡು ದಿನ. ಮೂರನೇ ದಿನ ಆಸ್ಪತ್ರೆಗೆ ಹೋದರೆ, ತಡ ಆಯ್ತು ಅಂದರು."

ಅವಳು ತನ್ನ ಅಂಗೈ ನೋಡಿಕೊಂಡಳು.

"ಉಪದೇಶಿಗಳು ಹೇಳಿದ್ದು ಸರಿ. ನಾನು ತಿಂದ ಹಣ್ಣು ಅದೇ."

ಇನ್ನಾಸಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ವಾಮಿಗಳು ಅವನ ಕಡೆ ತಿರುಗಿದರು.

"ಇನ್ನಾಸಪ್ಪ, ಲೋಕದಲ್ಲಿ ಮೊದಲು ಸತ್ತದ್ದು ಯಾರು?"

"ಆದಾಮ..." ಅಂದವನು ನಿಲ್ಲಿಸಿದ. "ಅಲ್ಲ. ಹೇಬೆಲ. ಅವರ ಎರಡನೇ ಮಗ. ಅಣ್ಣ ಕಾಯಿನ ಅವನನ್ನ ಹೊಲದಲ್ಲಿ ಹೊಡೆದು ಕೊಂದ."

"ಹೇಬೆಲ ಯಾವ ಹಣ್ಣು ತಿಂದಿದ್ದ?"

"ತಿಂದಿರಲಿಲ್ಲ ಸ್ವಾಮಿ. ಅವನು ತೋಟವನ್ನೇ ನೋಡಿರಲಿಲ್ಲ."

"ತಿಂದವರು?"

ಇನ್ನಾಸಪ್ಪನ ದನಿ ಸಣ್ಣಗಾಯಿತು. "ಬದುಕಿದ್ದರು. ಅವನ ಹೆಣ ಅವರು ನೋಡಬೇಕಾಯ್ತು."

ಲೂರ್ದಮ್ಮ ಮೊದಲ ಸಲ ಸ್ವಾಮಿಗಳ ಮುಖ ನೋಡಿದಳು.

"ಸಾವು ಹೇಗಿರುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ ತಾಯಿ" ಅಂದರು ಸ್ವಾಮಿಗಳು. "ಅದಕ್ಕೆ ಮೊದಲು ಯಾರೂ ಸತ್ತಿರಲಿಲ್ಲ. ಮಗ ಯಾಕೆ ಏಳ್ತಾ ಇಲ್ಲ, ಮೈ ಯಾಕೆ ತಣ್ಣಗಾಯ್ತು, ಏನು ಮಾಡಬೇಕು, ಹೇಳಿಕೊಡೋಕೆ ಒಬ್ಬರೂ ಇರಲಿಲ್ಲ. ಅವಳು ಹೇಗೆ ತಡಕೊಂಡಳೋ."

"ಅವಳಿಗೂ ಅನ್ನಿಸಿರಬೇಕು ಅಲ್ವಾ ಸ್ವಾಮಿ? ನನ್ನಿಂದಲೇ ಅಂತ."

"ಅನ್ನಿಸದೆ ಇರುತ್ತಾ."

"ಎಷ್ಟು ದಿನ?"

"ಅದನ್ನ ಬರೆದಿಲ್ಲ. ಕೊನೇವರೆಗೂ ಇತ್ತೇನೋ."

ಅಜ್ಜಿಯ ತೊಡೆಯ ಮೇಲೆ ಕೂಸು ಒಮ್ಮೆ ನರಳಿತು.

"ನೀನು ತಡ ಮಾಡಿದೆ" ಅಂದರು ಸ್ವಾಮಿಗಳು. "ಅದು ನಿಜ. ಅಲ್ಲ ಅಂತ ನಾನು ಹೇಳಿದರೆ ನೀನು ನಂಬಲ್ಲ. ಅದಕ್ಕೆ ಅಳು, ಎಷ್ಟು ಬೇಕೋ ಅಷ್ಟು ಅಳು. ಆದರೆ ಶಿಕ್ಷೆ ಕೇಳಿದ ದಿನವೇ ಆದಾಮ ಹೆಂಡತಿಗೆ ಒಂದು ಹೆಸರಿಟ್ಟ, ಗೊತ್ತಾ? ಅಲ್ಲೀವರೆಗೂ ಅವಳಿಗೆ ಹೆಸರಿರಲಿಲ್ಲ. ಸಾಯ್ತೀನಿ ಅಂತ ಆಗಷ್ಟೇ ಕೇಳಿದ್ದ. ಇವಳಿಂದಲೇ ಹೀಗಾಯ್ತು ಅಂತ ದೂರಿಯೂ ಇದ್ದ. ಅಂಥವನು ಅವಳನ್ನ ಸಾವು ಅಂತ ಕರೀಲಿಲ್ಲ. ಹವ್ವ ಅಂದ. ಹಾಗಂದರೆ ಜೀವ. ಬದುಕೋರಿಗೆಲ್ಲ ತಾಯಿ."

ಲೂರ್ದಮ್ಮ ಕೂಸಿನ ಕಡೆ ನೋಡಿದಳು.

"ಹೇಬೆಲ ಹೋದ ಮೇಲೆ ಅವಳಿಗೆ ಇನ್ನೊಬ್ಬ ಮಗ ಹುಟ್ಟಿದ, ಸೇತ ಅಂತ. ಅವನನ್ನ ಯಾವ ಕೈಯಿಂದ ಎತ್ತಿಕೊಂಡಳು?"

ಲೂರ್ದಮ್ಮ ಮತ್ತೆ ತನ್ನ ಅಂಗೈ ನೋಡಿಕೊಂಡಳು.

"ಹಣ್ಣು ಕಿತ್ತ ಕೈಯಿಂದಲೇ. ಅವಳ ಹತ್ತಿರ ಬೇರೆ ಕೈ ಇರಲಿಲ್ಲ."



ಆಗ ಇನ್ನಾಸಪ್ಪ ಎದ್ದು ಬಂದು ಅವಳ ಮುಂದೆ ನೆಲದ ಮೇಲೆ ಕೂತ. "ಅವತ್ತು ನಾನು ಹೇಳಿದ್ದು ತಪ್ಪು ತಾಯಿ" ಅಂದ. "ನನಗೆ ಸುಸ್ತಾಗಿತ್ತು. ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಲ್ಲ ಅಂತ ಹೇಳೋ ಬದಲು ನಿನ್ನ ಮೇಲೆ ಹೊರಿಸಿದೆ."

ಅವಳು ಅವನನ್ನು ನೋಡಿದಳು. ಕ್ಷಮಿಸಿದ್ದೀನಿ ಅನ್ನಲಿಲ್ಲ.

"ಅವಳು ಪಕ್ಕದಲ್ಲಿ ಕೂತ್ಕೋ ಅಂದಿದ್ಲು ಉಪದೇಶಿಗಳೇ" ಅಂದಳು. ಮೊದಲ ಸಲ ಜೋರಾಗಿ ಅತ್ತಳು. ಮರಿದಾಸ ಬಾಗಿಲ ಹೊರಗೆ ಹೋಗಿ ನಿಂತ. ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ.

ಅಳು ಇಳಿದ ಮೇಲೆ ಎದ್ದು ಮುಖ ತೊಳೆದಳು. ಕೈ ತೊಳೆದಳು. ಅತ್ತೆಯ ಮುಂದೆ ಬಂದು ಕೈ ಚಾಚಿದಳು.

ಕೂಸು ಮೊದಲು ಮುಖ ತಿರುಗಿಸಿತು. ನಾಲ್ಕು ದಿನಕ್ಕೆ ಮರೆತಿತ್ತೋ, ಸೋತಿತ್ತೋ. ಲೂರ್ದಮ್ಮ ಗೋಡೆ ಕಡೆ ತಿರುಗಿ ಕೂತು ಮತ್ತೆ ಮತ್ತೆ ಎದೆಗೆ ಹಚ್ಚಿದಳು. ಬಹಳ ಹೊತ್ತಾಯಿತು. ಆಮೇಲೆ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಕೂಸು ಗುಟುಕರಿಸುವ ಸದ್ದು ಎಲ್ಲರಿಗೂ ಕೇಳಿಸಿತು.

ಸ್ವಾಮಿಗಳು ಎದ್ದರು.

ಇಬ್ಬರೂ ಊರಾಚೆ ಬಂದರು. ಬಿಸಿಲು ಇಳಿಯುತ್ತಿತ್ತು. ಸ್ವಾಮಿಗಳು ಬರುವಾಗಿನದಕ್ಕಿಂತ ನಿಧಾನವಾಗಿ ನಡೆಯುತ್ತಿದ್ದರು. ಇನ್ನಾಸಪ್ಪ ಅವರ ತೋಳು ಹಿಡಿದಿದ್ದ.

"ಇವತ್ತು ಇವಳು ಎದ್ದಳು ಸ್ವಾಮಿ" ಅಂದ. "ನಾಳೆ ಇನ್ನೊಂದು ಮನೇಲಿ ಇನ್ನೊಬ್ಬರು ಕೇಳ್ತಾರೆ. ಸಾವು ಯಾಕೆ ಬಂತು ಅಂತ ನನಗೆ ಈಗಲೂ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ."

"ಐವತ್ತು ವರ್ಷ ಓದಿದ ಮೇಲೂ?"

"ಐವತ್ತು ವರ್ಷ ಓದಿ ಸುಸ್ತಾದ ಮೇಲೂ."

ಇನ್ನಾಸಪ್ಪ ನಿಂತ.

"ಮಕ್ಕಳನ್ನ ಆಚೆ ಹಾಕಿ ಬಾಗಿಲಿಗೆ ಕಾವಲಿಟ್ಟ ದೇವರು. ಗುಂಡಿ ಪಕ್ಕ ನಿಂತಾಗ ಆತನ ಹೆಸರು ನಾನು ಯಾವ ಬಾಯಲ್ಲಿ ಹೇಳಲಿ?"

ಸ್ವಾಮಿಗಳು ಕೋಲು ಊರಿ ಉಸಿರು ತೆಗೆದುಕೊಂಡರು.

"ಹೇಬೆಲನನ್ನ ಹೊಡೆದ ಮೇಲೆ, ನಿನ್ನ ತಮ್ಮ ಎಲ್ಲಿ ಅಂತ ತೋಟದ ಹೊರಗಿನ ಹೊಲಕ್ಕೆ ಕಾಯಿನನನ್ನ ಕೇಳಿಕೊಂಡು ಬಂದವನು ಆತನೇ ಅಲ್ವಾ? ಬಾಗಿಲು ಹಾಕಿದ್ದು ನಿಜ ಇನ್ನಾಸಪ್ಪ. ಹಾಕಿದಾಗ ಆತ ಯಾವ ಕಡೆ ನಿಂತಿದ್ದ?"