ಚಾವಡಿಯ ಮೆಟ್ಟಿಲಿಂದ ಹಿಂದಿರುಗಿದ ನೇಕಾರ

ನಾಗವೇಣಿ ಗುರುಗಳನ್ನು ಕೇಳಿದಳು: "ಗುರುಗಳೇ, ನಾವೆಲ್ಲ ಸೇರಿ ಒಂದೇ ಪ್ರೋಗ್ರಾಂ ಬರೆಯುತ್ತೇವೆ. ಒಬ್ಬೊಬ್ಬರು ಬೇರೆಯಾಗಿ ಬರೆಯುವ ಪ್ರತಿಗೆ ಬ್ರಾಂಚ್ ಎನ್ನುತ್ತೇವೆ. ಎಲ್ಲವೂ ಒಂದೇ ಸರ್ವರ್‌ನಲ್ಲಿರುತ್ತವೆ, ಹೊಸದೇನಾದರೂ ಬಂದರೆ ಅಲ್ಲಿಂದ ನಮ್ಮ ನಮ್ಮ ಕಂಪ್ಯೂಟರಿಗೆ ತರಿಸಿಕೊಳ್ಳಬೇಕು. ಶಾಂಭವಿ ತನ್ನ ಬ್ರಾಂಚನ್ನು ಅಲ್ಲಿಗೆ ಕಳಿಸಿದ್ದೇನೆ ಎನ್ನುತ್ತಾಳೆ. ನಾನು ಅದನ್ನು ತೆರೆಯಲು ನೋಡಿದರೆ ಅಂಥ ಬ್ರಾಂಚೇ ಇಲ್ಲ ಎನ್ನುತ್ತದೆ ನನ್ನ ಕಂಪ್ಯೂಟರ್. ಸಂಜೆಯೊಳಗೆ ನನ್ನ ಕೆಲಸವನ್ನು ಅದಕ್ಕೆ ಸೇರಿಸದಿದ್ದರೆ ಒಂದು ತಿಂಗಳ ದುಡಿಮೆ ಹೊರಗೇ ಉಳಿಯುತ್ತದೆ. ಅವಳು ಬೇಕೆಂದೇ ಬಚ್ಚಿಟ್ಟಿದ್ದಾಳೆ. ದೂರು ಕೊಡಲೇ?"

"ಕೊಡುವಿಯಂತೆ. ಮೊದಲು ಒಂದು ಕತೆ ಕೇಳು" ಎಂದರು ಗುರುಗಳು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಆ ಊರಿನಲ್ಲಿ ಯಾರು ಹೊಸ ಸೆರಗು ನೇಯ್ದರೂ ಅದರ ನಕ್ಷೆಯನ್ನು ಚಾವಡಿಯ ಗೋಡೆಗೆ ಅಂಟಿಸುತ್ತಿದ್ದರು. ಬೇಕಾದವರು ಸೋಮವಾರ ಹೋಗಿ ತಮ್ಮ ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ನಮ್ಮ ನೇಕಾರ ಒಂದು ಸೋಮವಾರವನ್ನೂ ತಪ್ಪಿಸಿದವನಲ್ಲ.

ಒಂದು ಸಲ ಅವನು ಚಾವಡಿಯ ಮೆಟ್ಟಿಲು ಹತ್ತುವಾಗ ಒಳಗೆ ಎಲ್ಲರೂ ಪಕ್ಕದ ಮನೆಯವನ ಹೊಸ ಸೆರಗನ್ನು ಹೊಗಳುತ್ತಿದ್ದರು. ಅವನಿಗೆ ಹೊಟ್ಟೆ ಉರಿಯಿತು. ಹಾಗೇ ಹಿಂದಿರುಗಿದ. ಮರುವಾರ ಹೋಗಲಿಲ್ಲ. ಅದರ ಮರುವಾರವೂ ಇಲ್ಲ. ಅದೇ ಹೊಗಳಿಕೆ ಮತ್ತೆ ಕಿವಿಗೆ ಬಿದ್ದೀತೆಂಬ ಸಂಕಟ, ಪಾಪ.

ಆರು ತಿಂಗಳಾದ ಮೇಲೆ ಮದುವೆಯವರು ಅವನ ಮನೆಗೆ ಬಂದರು. ಅದೇ ಸೆರಗು ಬೇಕು, ಆದರೆ ನಿಮ್ಮ ಕೈಯಲ್ಲೇ ಆಗಬೇಕು ಎಂದರು. ನೇಕಾರ ತನ್ನ ಪುಸ್ತಕವನ್ನು ಮೂರು ಸಲ ತಿರುವಿ ಹಾಕಿದ. ನಕ್ಷೆ ಸಿಗಲಿಲ್ಲ. ಬಂದವರು ಕಾದು ಕಾದು ಬೇರೆ ಮಗ್ಗ ಹುಡುಕಿಕೊಂಡು ಹೋದರು. ಇವನು ಸಿಟ್ಟಿನಿಂದ ಊರ ಹಿರಿಯನ ಬಳಿಗೆ ಓಡಿದ.

"ಅಂವ ನಕ್ಷಾ ಮುಚ್ಚಿಟ್ಟಾನ್ರೀ. ನನ್ನ ಪುಸ್ತಕದಾಗ ಇಲ್ಲೇ ಇಲ್ಲ."

"ಪುಸ್ತಕ ನೀನೇ ಬರ್ಕೊಂಡಿದ್ದಲ್ಲೇನಪಾ?" ಎಂದ ಹಿರಿಯ, ಅವನನ್ನು ಚಾವಡಿಗೆ ಕರೆದುಕೊಂಡು ಹೋದ.

ನಕ್ಷೆ ಗೋಡೆಯ ಮೇಲೇ ಇತ್ತು. ಹಾಳೆಯ ಅಂಚು ಹಳದಿಯಾಗಿತ್ತು. ಕೆಳಗೆ ಪಕ್ಕದ ಮನೆಯವನು ತನ್ನ ಕೈಯಾರೆ ಬರೆದಿದ್ದ: 'ತುದಿಯ ಹೂವು ನನಗೆ ಸರಿ ಬರಲಿಲ್ಲ. ಪಕ್ಕದ ಮನೆಯ ಅಣ್ಣ ಸೋಮವಾರ ಬಂದಾಗ ತಿದ್ದಿಕೊಡಬೇಕು.'

ಗುರುಗಳು ಕತೆ ನಿಲ್ಲಿಸಿ ನಾಗವೇಣಿಯ ಮುಖ ನೋಡಿದರು.

"ಸರ್ವರ್‌ನಿಂದ ಹೊಸದನ್ನು ತರಿಸಿಕೊಳ್ಳುವುದನ್ನು ನೀನು ಬಿಟ್ಟದ್ದು, ಎಲ್ಲರೂ ಶಾಂಭವಿಯನ್ನು ಹೊಗಳಿದ ದಿನವೋ, ಅದರ ಮರುದಿನವೋ?"