ನಿದ್ದೆಯಲ್ಲಿ ನೋಡಿದ ಹೃದಯ

“ಎಕೋ ಪರೀಕ್ಷೆಯ ಚಿತ್ರ ಒಂದು ಹೇಳುತ್ತದೆ, ಮಗುವಿನ ತಾಯಿ ಇನ್ನೊಂದು ಹೇಳುತ್ತಾಳೆ. ಯಾವುದನ್ನು ನಂಬಬೇಕು, ಮೇಡಂ?”

ಮಕ್ಕಳ ಹೃದಯ ವಿಭಾಗದ ಹಿರಿಯ ವೈದ್ಯೆಯನ್ನು ಶಿಷ್ಯ ಹೀಗೆ ಕೇಳಿದ. ಬೆಳಿಗ್ಗೆ ಅವನು ಆ ತಾಯಿಗೆ, “ಅಳುಬುರುಕಿಗೆ ಹುಟ್ಟಿದ್ದು ಅಳದೆ ಇನ್ನೇನು ಮಾಡೀತು?” ಎಂದು ಹೇಳಿ ಹೊರಗೆ ಕಳಿಸಿದ್ದ. ಅವಳು ಮನೆಗೆ ಹೋಗಿರಲಿಲ್ಲ. ಮಗುವನ್ನು ಎತ್ತಿಕೊಂಡು ಬಾಗಿಲಾಚೆಯ ಬೆಂಚಿನ ಮೇಲೆ ಕೂತಿದ್ದಳು.

“ಕೂತುಕೋ. ನೆಟ್ಟಗೆ ಕೂತುಕೋ,” ಎಂದು ಗುರು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯೆ ಇದ್ದಳು. ಅವಳದು ದೊಡ್ಡ ಮನೆತನ. ಮುತ್ತಜ್ಜ ಪ್ಲೇಗಿನ ಕಾಲದಲ್ಲಿ ಊರು ಬಿಡದೆ ನಿಂತವನು. ಅಜ್ಜನ ಹೆಸರು ಆಸ್ಪತ್ರೆಯ ಬಾಗಿಲ ಮೇಲಿತ್ತು. ತಂದೆ ಎದುರಾದರೆ ಜನ ಛತ್ರಿ ಮಡಿಸಿ ನಿಲ್ಲುತ್ತಿದ್ದರು. ಆ ಮನೆಯವರು “ತಪ್ಪಾಯಿತು” ಎಂದದ್ದನ್ನು ಯಾರೂ ಕೇಳಿರಲಿಲ್ಲ. ಹಾಗೆನ್ನಬೇಕಾದ ಸಂದರ್ಭವೇ ಬಂದಿಲ್ಲವೆಂದು ವೈದ್ಯೆ ನಂಬಿದ್ದಳು.

ಅವಳ ಬಳಿಗೆ ಒಬ್ಬ ತಾಯಿ ಹಸುಗೂಸನ್ನು ತಂದಳು. ಜೊತೆಗೆ ಅತ್ತೆಯೂ ಬಂದಿದ್ದಳು. ಮಗು ಹಸಿವಿನಿಂದ ಮೊಲೆಗೆ ಬಾಯಿ ಹಾಕುತ್ತದೆ, ನಡುವೆ ಬಿಟ್ಟು ಚೀರುತ್ತದೆ, ಹಣೆ ಬೆವರುತ್ತದೆ ಎಂದು ತಾಯಿ ಹೇಳಿದಳು. ವೈದ್ಯೆ ಮಗುವಿಗೆ ನಿದ್ದೆ ಬರುವ ಸಿರಪ್ ಕುಡಿಸಿ ಎಕೋ ಮಾಡಿದಳು. ಹೃದಯ ಹಿಗ್ಗಿತ್ತು, ಸ್ನಾಯು ಸೋತಿತ್ತು. ಹೃದಯಕ್ಕೇ ರಕ್ತ ಕೊಡುವ ಎಡಗಡೆಯ ಸಣ್ಣ ರಕ್ತನಾಳ, ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಗೆ ಅಂಟಿಕೊಂಡಂತೆ ಕಂಡಿತು. ಅದು ಅಲ್ಲೇ ಇರಬೇಕಾದದ್ದು. ಅವಳು ಮುಂದೆ ನೋಡಲಿಲ್ಲ.

“ಸ್ನಾಯು ಬಲಹೀನ. ಔಷಧಿ ಬಿಟ್ಟರೆ ಬೇರೆ ದಾರಿಯಿಲ್ಲ. ಚೀರುವುದಕ್ಕೆ ಕಾರಣ ನೀನು. ಮಗುವನ್ನು ಹಿಡಿದು ಹಾಲೂಡಿಸುವುದನ್ನು ಮೊದಲು ಕಲಿ,” ಎಂದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನು ಕೇಳಿಸಿಕೊಂಡಳು. ಅಂದಿನಿಂದ ಮಗು ಸೊಸೆಯ ಮಡಿಲಿಗೆ ಬರಲಿಲ್ಲ. ಅತ್ತೆ ಒಳಲೆಯಲ್ಲಿ ಹಾಲು ಹಾಕಿದಳು. ಮಗು ಆಗಲೂ ಚೀರಿತು. ದಿನದಿಂದ ದಿನಕ್ಕೆ ಇಳಿಯಿತು.

ಕೊನೆಗೆ ತಾಯಿ ಮಗುವನ್ನು ಕಸಿದುಕೊಂಡು ಆಸ್ಪತ್ರೆಗೆ ಬಂದಳು. ಅತ್ತೆ ಬೈಯುತ್ತಾ ಹಿಂದೆಯೇ ಬಂದಳು. ಮಗುವಿನ ತುಟಿ ಬಿಳಿಚಿತ್ತು, ಉಸಿರೆಳೆದಾಗ ಪಕ್ಕೆಗಳು ಒಳಕ್ಕೆ ಸೆಳೆದುಕೊಳ್ಳುತ್ತಿದ್ದವು.

“ಇನ್ನೊಂದು ಸಲ ನೋಡಿ, ಡಾಕ್ಟರಮ್ಮ.”

“ನೋಡಿದ್ದಾಗಿದೆ. ನನ್ನ ಕೈಯಲ್ಲಿ ತಪ್ಪಾಗುವುದಿಲ್ಲ.”

“ನೀವು ನೋಡಿದ್ದು ಮಲಗಿದ ಮಗುವನ್ನು. ಮಲಗಿದಾಗ ಇವನಿಗೆ ಏನೂ ಆಗುವುದಿಲ್ಲ. ಅದು ನನಗೂ ಗೊತ್ತು.”

ವೈದ್ಯೆಯ ಮುಖ ಕೆಂಪಾಯಿತು. ಇವಳ ಬಾಯಿ ಇಲ್ಲೇ ಮುಚ್ಚಿಸಬೇಕೆಂದುಕೊಂಡಳು. “ಸರಿ, ಮಂಚದ ಮೇಲೆ ಕೂರು. ನನ್ನ ಕಣ್ಣೆದುರೇ ಹಾಲು ಕೊಡು,” ಎಂದಳು.

ಮಗು ಕುಡಿಯಿತು. ವೈದ್ಯೆ ಅದರ ಎದೆಯ ಮೇಲೆ ಯಂತ್ರದ ತುದಿಯನ್ನಿಟ್ಟಳು. ಮಗು ಬಾಯಿ ಬಿಟ್ಟು ಚೀರಿತು, ಬೆವರಿತು. ಪರದೆಯ ಮೇಲೆ ಹೃದಯದ ಬಡಿತದ ಬಲ ಕುಂದಿತು. ತಾಯಿ ಮಗುವನ್ನು ಹಿಡಿದ ರೀತಿಯಲ್ಲಿ ಯಾವ ತಪ್ಪೂ ಇರಲಿಲ್ಲ.

ದೊಡ್ಡ ನಾಳಗಳ ರಭಸದಲ್ಲಿ ಸಣ್ಣ ಹರಿವು ಮರೆಯಾಗುತ್ತದೆ. ನಿಧಾನದ ಹರಿವೂ ಕಾಣುವಂತೆ ಅವಳು ಯಂತ್ರದ ವೇಗದ ಅಳತೆಯನ್ನು ಕೆಳಗಿಳಿಸಿದಳು. ಆಗ ಆ ಸಣ್ಣ ನಾಳದಲ್ಲಿ ಬಣ್ಣ ತುಂಬಿತು. ಕೆಂಪಿರಬೇಕಾದಲ್ಲಿ ನೀಲಿ ಇತ್ತು. ರಕ್ತ ಹಿಂದಕ್ಕೆ ಹರಿಯುತ್ತಿತ್ತು. ನಾಳ ಮಹಾಪಧಮನಿಗೆ ಒತ್ತಿಕೊಂಡಿತ್ತಷ್ಟೇ, ಸೇರಿರಲಿಲ್ಲ. ಅದು ಹುಟ್ಟಿದ್ದು ಶ್ವಾಸಕೋಶಕ್ಕೆ ಹೋಗುವ ನಾಳದಲ್ಲಿ. ಮಗು ದಣಿದಾಗಲೆಲ್ಲ ಹೃದಯ ರಕ್ತವಿಲ್ಲದೆ ನೋಯುತ್ತಿತ್ತು.

ಬಲು ಅಪರೂಪದ ದೋಷ. ಆದರೆ ನಾಳವನ್ನು ಬಿಡಿಸಿ ಸರಿಯಾದ ಜಾಗಕ್ಕೆ ಹೊಲಿಯಬಹುದು. ವೈದ್ಯೆ ಶಸ್ತ್ರಚಿಕಿತ್ಸಕನನ್ನು ಆ ಕ್ಷಣವೇ ಕರೆಸಿದಳು. ಮಗುವನ್ನು ಒಳಗೆ ಒಯ್ದರು. ಬಾಗಿಲು ಮುಚ್ಚಿ ಬಹಳ ಹೊತ್ತಾಯಿತು. ಕೊನೆಗೆ ಶಸ್ತ್ರಚಿಕಿತ್ಸಕ ಹೊರಗೆ ಬಂದು, “ಉಳಿದ,” ಎಂದ.

ತಾಯಿ ಅಳಲಿಲ್ಲ. ವೈದ್ಯೆಯ ಎದುರಿಗೆ ಬಂದು ನಿಂತಳು.

“ಹಾಗಾದರೆ ನನ್ನ ಮಡಿಲಿನ ತಪ್ಪಲ್ಲ ತಾನೇ? ಅದನ್ನು ನಮ್ಮತ್ತೆಗೆ ಕೇಳಿಸುವಂತೆ ಹೇಳಿ, ಡಾಕ್ಟರಮ್ಮ. ಮೊದಲು ಹೇಳಿದ್ದು ಅವರಿಗೆ ಚೆನ್ನಾಗಿ ಕೇಳಿಸಿತ್ತು.”

ವೈದ್ಯೆ ಬಾಯಿ ತೆರೆದಳು. ಮುತ್ತಜ್ಜ, ಅಜ್ಜ, ತಂದೆ, ಯಾರೂ ಆಡದ ಮಾತು ಅದು.

ಗುರು ಅಲ್ಲಿಗೆ ಕತೆ ನಿಲ್ಲಿಸಿದರು.

ಮುಚ್ಚಿದ ಬಾಗಿಲಿನಾಚೆ ಮಗುವೊಂದು ಚೀರಿ ಸುಮ್ಮನಾಯಿತು.

“ಅವಳು ಹೇಳಿದಳೇ, ಮೇಡಂ?”

“ಹೊರಗೆ ಬೆಂಚಿನ ಮೇಲಿರುವ ತಾಯಿಯ ಕ್ಷಮೆ ಕೇಳು, ಆಮೇಲೆ ಆ ಮಗುವನ್ನು ಒಳಗೆ ಕರೆದುಕೊಂಡು ಬಾ.”