ಮುಂಗುಸಿ ಮೇಸ್ತ್ರಿ ಕಟ್ಟಿದ ಗೋಡೆಯಿಲ್ಲದ ಸೂರು

ಒಂದು ಕಾಡಿನಲ್ಲಿ ಗಾಳಿ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ಎರಡು ಗುಡ್ಡಗಳ ನಡುವಿನ ಕಾಡು ಅದು. ಅಲ್ಲಿ ಚುಕ್ಕಿ ಎಂಬ ಜಿಂಕೆಗೆ ಐದೇ ದಿನದ ಮರಿ ಇತ್ತು. ಅದಕ್ಕೆ ಇನ್ನೂ ದೂರ ಓಡಲು ಬರುತ್ತಿರಲಿಲ್ಲ. ಆಲಿಕಲ್ಲು ಮಳೆಯ ಕಾಲ ಬೇರೆ! ಮರಿಯ ತಲೆಗೆ ಒಂದು ಕಲ್ಲು ಬಿದ್ದರೆ ಮುಗಿಯಿತಲ್ಲ! ಚುಕ್ಕಿಗೆ ಮೇವು ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಅವಳು ಕೆಂಚ ಎಂಬ ಮುಂಗುಸಿಯ ಬಳಿಗೆ ಓಡಿದಳು. "ಮೇಸ್ತ್ರಿ, ಒಂದು ಸೂರು ಕಟ್ಟಿಕೊಡು. ಆಲಿಕಲ್ಲು ಜಾರಿ ಬೀಳುವ ಹಾಗೆ ಕಡಿದಾಗಿರಲಿ. ಗೋಡೆ ಮಾತ್ರ ಬೇಡ. ಚಿರತೆ ಬಂದರೆ ಯಾವ ಕಡೆಗಾದರೂ ಓಡಬೇಕು."

ಸೂರನ್ನು ಕಂಬಕ್ಕೆ ಬಿಗಿಯಲು ಎಷ್ಟು ಬಳ್ಳಿ ಬೇಕೆಂದು ಲೆಕ್ಕ ಹಾಕಿದವನು ಗೀಜಗ. ಗಾಳಿಯಲ್ಲೇ ಗೂಡು ನೇತುಹಾಕುವ ಹಕ್ಕಿ, ಅವನಿಗೆ ತಿಳಿಯದೇ?

"ಗಾಳಿ ಮುಂದಿನ ಇಳಿಜಾರನ್ನು ತಳ್ಳುತ್ತೆ, ಅದಕ್ಕೆ ಮೂರು ಬಳ್ಳಿ. ಹಿಂದಿನ ಇಳಿಜಾರನ್ನು ಎಳೆಯುತ್ತೆ, ಅದಕ್ಕೆ ಮೂರು. ಗೋಡೆ ಇಲ್ಲವಲ್ಲ, ಒಳಗೆ ನುಗ್ಗಿ ಮೇಲಕ್ಕೆತ್ತುತ್ತೆ, ಅದಕ್ಕೂ ಮೂರು. ಒಂದು ಕಂಬಕ್ಕೆ ಒಂಬತ್ತು. ಒಂದೂ ಕಮ್ಮಿ ಮಾಡಬೇಡ ಮೇಸ್ತ್ರಿ!"

ಕೋತಿಗಳು ಮೂವತ್ತಾರು ಬಳ್ಳಿ ತಂದುಹಾಕಿದವು. ಕೆಂಚ ನಾಲ್ಕು ಕಂಬ ನೆಟ್ಟ, ಹುಲ್ಲಿನ ಸೂರು ಹೊದಿಸಿದ. ಬಳ್ಳಿ ಕಟ್ಟಿದ್ದೆಷ್ಟು? ಬರೀ ಹನ್ನೆರಡು! ಉಳಿದದ್ದನ್ನು ಎಳೆದುಕೊಂಡು ಹೋಗಿ ತನಗೊಂದು ಉಯ್ಯಾಲೆ ಮಾಡಿಕೊಂಡ. ಎಂಥಾ ಕೆಟ್ಟ ಬುದ್ಧಿ ನೋಡಿ!

ಚುಕ್ಕಿ ಕಂಬದಿಂದ ಕಂಬಕ್ಕೆ ಸುತ್ತಿದಳು. "ಗಂಟು ಕಮ್ಮಿ ಕಾಣುತ್ತಲ್ಲ ಮೇಸ್ತ್ರಿ?"

"ಗಾಳಿ ಸೂರನ್ನು ಅದುಮುತ್ತೆ ಚುಕ್ಕಕ್ಕ. ಅದುಮಿದ್ದು ಎಲ್ಲಾದರೂ ಹಾರುತ್ತಾ? ಕಂಬಕ್ಕೆ ಮೂರು ಸಾಕು. ಆ ಗೀಜಗನಿಗೆ ಬೇರೆ ಕೆಲಸವಿಲ್ಲ."

ಗೀಜಗ ಬಿಡಲಿಲ್ಲ. ಮುತ್ತುಗದ ಎಲೆಯನ್ನು ಮಡಚಿ ನಾಲ್ಕು ಕಡ್ಡಿಗಳ ಮೇಲಿಟ್ಟ. ಸಣ್ಣ ಗಾಳಿ ಬೀಸಿತು ಅಷ್ಟೇ, ಎಲೆ ಪಟ್ಟನೆ ಮೇಲೆದ್ದು ಹಾರಿತು.

ಆ ಕಾಡಿನಲ್ಲಿ ಒಂದು ಕಟ್ಟಳೆ ಇತ್ತು. ಮೊದಲ ಬಿರುಗಾಳಿಗೆ ಸೂರು ಕಟ್ಟಿದವನೇ ಅದರಡಿ ಕೂರಬೇಕು. ಮರುದಿನ ಮಧ್ಯಾಹ್ನವೇ ಮೋಡ ಕವಿಯಿತು. ತರಗೆಲೆ, ಧೂಳು ಎಲ್ಲ ಗಿರಗಿರನೆ ಸುತ್ತಿದವು.

"ಬಾ ಮೇಸ್ತ್ರಿ, ಒಳಗೆ ಕೂರು. ನೀನು ಕೂತರೆ ಮರಿಯನ್ನು ತರುತ್ತೇನೆ," ಎಂದು ಚುಕ್ಕಿ ಕರೆದಳು.

ಕೆಂಚ ಅತ್ತ ನೋಡಿದ, ಇತ್ತ ನೋಡಿದ. ಒಳಗೆ ಕೂತರೆ ಸೂರು ತಲೆ ಮೇಲೇ ಕುಸಿದೀತು ಎಂಬ ಭಯ ಅವನಿಗೆ. "ಒಳಗ್ಯಾಕೆ? ಮೇಲೇ ಕೂರುತ್ತೇನೆ. ನನ್ನ ಭಾರವೂ ಸೇರಿ ಸೂರು ಗಟ್ಟಿಯಾಗುತ್ತೆ. ನೀನು ಮರಿ ತಾ!" ಎಂದು ಸರಸರನೆ ತುದಿಗೇರಿದ.

"ಬೇಡ ಅಕ್ಕ, ಹೋಗಬೇಡ!" ಗೀಜಗ ಚೀರಿದ.

ಚುಕ್ಕಿ ಮುಂದಿಟ್ಟ ಹೆಜ್ಜೆಯನ್ನು ಹಿಂದೆ ತೆಗೆದಳು. ಮರಿಯನ್ನು ತನ್ನ ಹೊಟ್ಟೆಯಡಿ ಎಳೆದುಕೊಂಡು ಬಯಲಲ್ಲೇ ನಿಂತಳು.

ಭರ್ರೆಂದು ಗಾಳಿ ಸೂರಿನೊಳಗೆ ನುಗ್ಗಿತು. ಗಂಟುಗಳು ಟಪಟಪನೆ ಕಿತ್ತುಹೋದವು. ಸೂರು ಎದ್ದೇ ಹೋಯಿತು, ಕೆಂಚನ ಸಮೇತ! ಹಾರಿ ಹೋಗಿ ಸೀಗೆಮೆಳೆಯಲ್ಲಿ ಬಿತ್ತು. ಆಲಿಕಲ್ಲು ಸುರಿದು ನಿಂತಾಗ ಚುಕ್ಕಿಯ ಬೆನ್ನ ತುಂಬ ಬಾಸುಂಡೆ. ಮರಿಗೆ ಒಂದು ಕಲ್ಲೂ ತಾಗಿರಲಿಲ್ಲ.

"ಇಷ್ಟು ಗಾಳಿ ಬರುತ್ತೆ ಅಂತ ಯಾರಿಗೆ ಗೊತ್ತಿತ್ತಕ್ಕಾ?" ಮುಳ್ಳಿನೊಳಗಿಂದ ಕೆಂಚ ನರಳಿದ.

"ನಿನಗೇ ಗೊತ್ತಿತ್ತು," ಎಂದಳು ಚುಕ್ಕಿ. "ಗೊತ್ತಿಲ್ಲದಿದ್ದರೆ ನೀನು ಒಳಗೆ ಕೂರುತ್ತಿದ್ದೆ."

ನೀತಿ: ತಾನು ಕೂರಲು ಹೆದರುವ ಜಾಗದಲ್ಲಿ ಇನ್ನೊಬ್ಬರ ಮಕ್ಕಳನ್ನು ಕೂರಿಸಬಾರದು.